ಹಳೆಯ ಚಿತ್ರಗಳನ್ನು ಉಳಿಸುವ ಕೆಲಸಕ್ಕೆ ಬರಬೇಕೆಂದಿದ್ದೀರಾ?

"ಮೇಡಂ, ನನಗೆ ಡ್ರಾಯಿಂಗ್ ಚೆನ್ನಾಗಿ ಬರುತ್ತೆ. ಹಳೇ ಪೇಂಟಿಂಗ್ ಸರಿ ಮಾಡೋ ಲೈನಿಗೆ ಬರಬಹುದಾ?" ಹೀಗೆ ಕೇಳುವ ಹುಡುಗ ಹುಡುಗಿಯರು ಈಚೆಗೆ ಜಾಸ್ತಿಯಾಗಿದ್ದಾರೆ. ನನಗೆ ಇದು ತುಂಬಾ ಖುಷಿಯ ವಿಷಯ. ಬರಬಹುದು, ಖಂಡಿತ ಬರಬಹುದು. ಆದರೆ ನಾನು ಅವರಿಗೆ ಎರಡು ಪ್ರಶ್ನೆ ವಾಪಸ್ ಕೇಳುತ್ತೇನೆ. ಪಿಯುಸಿಯಲ್ಲಿ ಕೆಮಿಸ್ಟ್ರಿ ಇತ್ತಾ? ಒಂದು ಚಿತ್ರವನ್ನು ಮುಟ್ಟದೆ, ಸುಮ್ನೆ ನೋಡುತ್ತಾ, ನೋಡಿದ್ದನ್ನು ಬರೆಯುತ್ತಾ ಒಂದು ಗಂಟೆ ಕೂರುತ್ತೀರಾ?

ಎರಡನೆಯದಕ್ಕೆ ಹೂಂ ಅಂದವರು ಈ ಕೆಲಸದಲ್ಲಿ ನಿಲ್ಲುತ್ತಾರೆ. ಮೊದಲನೆಯದನ್ನು ಆಮೇಲೆ ಬೇಕಾದರೂ ಕಲಿಯಬಹುದು.

ನಾನು ಮೈಸೂರಿನಲ್ಲಿ ಕೆಲಸ ಮಾಡುತ್ತೇನೆ. ಓದಿದ್ದು ಬಿಎಸ್ಸಿ, ಆಮೇಲೆ ಕನ್ಸರ್ವೇಷನ್, ಅಂದರೆ ಹಳೆಯ ವಸ್ತುಗಳನ್ನು ಹಾಳಾಗದಂತೆ ಉಳಿಸುವ ವಿದ್ಯೆ. ನನ್ನ ಟೇಬಲ್ಲಿಗೆ ಬರುವುದು ಹೆಚ್ಚಾಗಿ ಕಾಗದದ ಮೇಲಿನ ಚಿತ್ರಗಳು, ಮೈಸೂರು ಶೈಲಿಯ ದೇವರ ಪಟಗಳು, ಹಳೆಯ ಫೋಟೋಗಳು, ಆಗೊಮ್ಮೆ ಈಗೊಮ್ಮೆ ಒಂದು ಕಟ್ಟು ತಾಳೆಗರಿ. ಹೊರಗಿನವರು ತಿಳಿದಿರುವುದು ನಾವು ಕುಂಚ ಹಿಡಿದು ಹೋದ ಬಣ್ಣ ತುಂಬುತ್ತೇವೆ ಅಂತ. ಬಣ್ಣ ತುಂಬುವುದು ಕೆಲಸದ ಕೊನೆಯ ಸಣ್ಣ ಭಾಗ. ಎಷ್ಟೋ ಸಲ ಅದರ ಅಗತ್ಯವೇ ಬೀಳುವುದಿಲ್ಲ. ಉಳಿದದ್ದೆಲ್ಲ ಹಾಳಾಗುವುದನ್ನು ನಿಲ್ಲಿಸುವ ಕೆಲಸ: ಧೂಳು ತೆಗೆಯುವುದು, ಹುಳ ತಡೆಯುವುದು, ಏಳುತ್ತಿರುವ ಬಣ್ಣದ ಚಕ್ಕೆಯನ್ನು ಮತ್ತೆ ಕೂರಿಸುವುದು, ಆಮ್ಲ ಬಿಡುವ ರಟ್ಟನ್ನು ತೆಗೆದು ಒಳ್ಳೆ ರಟ್ಟು ಹಾಕುವುದು.

ಮೊದಲ ಹೆಜ್ಜೆ: ನೋಡಿ, ಬರೆಯಿರಿ

ಕೋರ್ಸು, ಫೀಸು, ಹಾಸ್ಟೆಲ್ಲು ಎಲ್ಲ ಆಮೇಲೆ. ಮೊದಲು ಮನೆಯಲ್ಲೇ ಇದನ್ನು ಮಾಡಿ ನೋಡಿ, ಒಂದು ಪೈಸೆ ಖರ್ಚಿಲ್ಲ.

ಗೋಡೆಯಿಂದ ಒಂದು ಹಳೆಯ ಪಟ ಇಳಿಸಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅದರ ಮೇಲಿಡಿ. ಪಟದ ಕಟ್ಟು (ಫ್ರೇಮು) ಬಿಚ್ಚಬೇಡಿ. ಮೊದಲು ಉದ್ದ ಅಗಲ ಅಳೆಯಿರಿ, ಮುಂದೆ ಹಿಂದೆ ಫೋಟೋ ತೆಗೆಯಿರಿ, ಫೋಟೋದಲ್ಲಿ ಒಂದು ಸ್ಕೇಲು ಇರಲಿ. ಪಟದ ಹಿಂಭಾಗ ನೋಡದೆ ಬಿಡಬೇಡಿ. ಕಟ್ಟು ಹಾಕಿದ ಅಂಗಡಿಯ ಚೀಟಿ, ಪೆನ್ಸಿಲಿನಲ್ಲಿ ಬರೆದ ಹೆಸರು, ಗೆದ್ದಲಿನ ಮಣ್ಣಿನ ಗೆರೆ, ನೀರು ಇಳಿದ ಕಲೆ, ತುಕ್ಕು ಹಿಡಿದ ಮೊಳೆ ಎಲ್ಲ ಅಲ್ಲೇ ಸಿಗುತ್ತವೆ.

ಈಗ ಲೈಟ್ ಆರಿಸಿ. ಫೋನಿನ ಟಾರ್ಚನ್ನು ಪಟದ ಅಂಚಿನಲ್ಲಿ, ಮೇಲ್ಮೈಗೆ ಹೆಚ್ಚುಕಡಿಮೆ ಸಮವಾಗಿ ಹಿಡಿಯಿರಿ. ಎದುರಿನಿಂದ ಬೆಳಕು ಬಿದ್ದಾಗ ಕಾಣದ್ದು ಈಗ ನೆರಳಾಗಿ ಎದ್ದು ನಿಲ್ಲುತ್ತದೆ. ಕಾಗದದ ಅಲೆ, ಹಳೆಯ ಮಡಿಕೆ, ಬಣ್ಣದ ಬಿರುಕು, ಎಲ್ಲಿ ಚಕ್ಕೆ ಅಂಚು ಎತ್ತಿಕೊಂಡಿದೆ, ಎಲ್ಲಿ ಆಗಲೇ ಉದುರಿದೆ, ಎಲ್ಲ ಗೊತ್ತಾಗುತ್ತದೆ. ಪಟವನ್ನು ತಿರುಗಿಸದೆ, ಟಾರ್ಚನ್ನೇ ನಾಲ್ಕೂ ಕಡೆಯಿಂದ ಹಿಡಿದು ನೋಡಿ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ. "ಹಾಳಾಗಿದೆ" ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ. "ಮೇಲಿನ ಎಡ ಮೂಲೆಯಿಂದ ಕೆಳಗೆ 6 ಸೆಂಟಿಮೀಟರ್ ನೀರಿನ ಕಲೆ, ಅಂಚು ಕಂದು, ಒಳಗೆ ಕಾಗದ ಉಬ್ಬಿದೆ" ಅಂತ ಬರೆದರೆ ಹತ್ತು ವರ್ಷ ಬಿಟ್ಟು ಇನ್ನೊಬ್ಬರು ಓದಿದಾಗ ಆ ಕಲೆ ಬೆಳೆದಿದೆಯೋ ಇಲ್ಲವೋ ಹೇಳಬಲ್ಲರು.

ಇದನ್ನೇ ಕಂಡೀಷನ್ ರಿಪೋರ್ಟ್ ಅನ್ನುತ್ತಾರೆ. ಯಾವ ಮ್ಯೂಸಿಯಂಗೆ ಹೋದರೂ, ಯಾವ ಲ್ಯಾಬಿಗೆ ಸೇರಿದರೂ ದಿನ ಶುರುವಾಗುವುದು ಇದರಿಂದ. ಮನೆಯಲ್ಲಿ, ಅಜ್ಜಿ ಮನೆಯಲ್ಲಿ, ಊರಿನ ಲೈಬ್ರರಿಯಲ್ಲಿ ಇಂಥವು ಒಂದಷ್ಟು ಬರೆದಿಟ್ಟುಕೊಳ್ಳಿ. ಬರೆಯುತ್ತಾ ಬೇಜಾರಾಯಿತೋ, ಈ ಕೆಲಸ ನಿಮಗಲ್ಲ. ಇದು ಗೊತ್ತಾಗಲು ಎರಡು ವರ್ಷದ ಫೀಸು ಕಟ್ಟಬೇಕಾಗಿಲ್ಲ ಅಲ್ವಾ?

ಅಜಂತಾ ಹೇಳುವ ಪಾಠ

ಇಷ್ಟು ಎಚ್ಚರ ಯಾಕೆ ಅಂತ ಕೇಳುವವರಿಗೆ ನಾನು ಅಜಂತಾದ ಕಥೆ ಹೇಳುತ್ತೇನೆ. ಆಗ ಅಜಂತಾ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು. ಚಿತ್ರಗಳು ಉದುರುತ್ತಿದ್ದವು. ನಿಜಾಮರ ಸರ್ಕಾರ 1920ರ ದಶಕದ ಆರಂಭದಲ್ಲಿ ಇಟಲಿಯಿಂದ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ಇಬ್ಬರು ಪರಿಣತರನ್ನು ಕರೆಸಿತು. ಅವರು ನಿಷ್ಠೆಯಿಂದ ಕೆಲಸ ಮಾಡಿದರು. ಉದುರುವ ಅಂಚುಗಳನ್ನು ಭದ್ರ ಮಾಡಿದರು. ಬಣ್ಣ ಗಟ್ಟಿಯಾಗಲಿ ಅಂತ ಮೇಲೆ ಶೆಲ್ಯಾಕ್ ಹಚ್ಚಿದರು. ಶೆಲ್ಯಾಕ್ ಅಂದರೆ ನಮ್ಮ ಬಡಗಿಗಳು ಮರಕ್ಕೆ ಪಾಲಿಷ್ ಹಾಕಲು ಬಳಸುವ ಅರಗು. ಹಚ್ಚಿದ ದಿನ ಚಿತ್ರ ಫಳಫಳ ಹೊಳೆದಿರಬೇಕು. ಆದರೆ ಅರಗು ವರ್ಷ ಕಳೆದ ಹಾಗೆ ಹಳದಿಯಾಗುತ್ತದೆ, ಆಮೇಲೆ ಕಂದಾಗುತ್ತದೆ, ಕರಗಿಸಲೂ ಕಷ್ಟವಾಗುತ್ತದೆ. ಅಜಂತಾದ ಗೋಡೆ ಮಣ್ಣಿನ ಗಾರೆಯದು, ಬಣ್ಣ ಹಚ್ಚಿದ್ದು ಒಣಗಿದ ಮೇಲ್ಮೈಗೆ. ಅಂಥ ಮೇಲ್ಮೈಗೆ ಈ ಪದರ ಹೊಂದುವುದಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಸಾಯನಶಾಸ್ತ್ರಜ್ಞರು ಆ ಕಂದು ಪದರವನ್ನು ಇಂಚಿಂಚಾಗಿ ತೆಗೆಯುವುದರಲ್ಲೇ ದಶಕಗಳನ್ನು ಕಳೆದಿದ್ದಾರೆ.

ಹಾಗಾಗಿ ಇವತ್ತು ನಾವು ಏನೇ ಹಚ್ಚಿದರೂ ಮೊದಲು ಕೇಳಿಕೊಳ್ಳುವುದು ಇದನ್ನು ಮುಂದೆ ತೆಗೆಯಲು ಬರುತ್ತದಾ ಅಂತ. ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಪ್ರಪಂಚದಾದ್ಯಂತ ಬಳಸುವುದು ಇದೇ ಕಾರಣಕ್ಕೆ. ಅದು ಹಳದಿಯಾಗುವುದು ತೀರಾ ಕಡಿಮೆ, ವರ್ಷಗಳ ನಂತರವೂ ಅಸಿಟೋನಿನಲ್ಲಿ ಕರಗುತ್ತದೆ. ಫೆವಿಕಾಲ್, ಸೆಲ್ಲೋಟೇಪು, ಲ್ಯಾಮಿನೇಷನ್ ಈ ಪರೀಕ್ಷೆಯಲ್ಲಿ ನಪಾಸು. ನನ್ನ ಟೇಬಲ್ಲಿಗೆ ಬರುವ ಕಾಗದಗಳಲ್ಲಿ ಕಾಲ ಮಾಡಿದ ಹಾನಿಗಿಂತ ಸೆಲ್ಲೋಟೇಪು ಮಾಡಿದ ಹಾನಿಯೇ ಎಷ್ಟೋ ಸಲ ದೊಡ್ಡದಾಗಿರುತ್ತದೆ. ಆಲೂಗಡ್ಡೆ ಉಜ್ಜಿ, ಸೋಪಿನ ನೊರೆ ಹಚ್ಚಿ, ಕೊಬ್ಬರಿ ಎಣ್ಣೆ ಸವರಿ ಪೇಂಟಿಂಗ್ ಫಳಫಳ ಮಾಡುವ ವಿಡಿಯೋಗಳನ್ನು ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡಬೇಡಿ.

ಟೇಬಲ್ಲಿನ ಮೇಲೆ ಒಂದು ಮೈಸೂರು ಚಿತ್ರ

ಕೆಲಸ ಹೇಗಿರುತ್ತದೆ ಅಂತ ಹತ್ತಿರದಿಂದ ತೋರಿಸುತ್ತೇನೆ. ದೇವರ ಮನೆಯಲ್ಲಿ ತುಂಬಾ ಕಾಲ ಇದ್ದ ಒಂದು ರಾಮ ಪಟ್ಟಾಭಿಷೇಕ ಅಂದುಕೊಳ್ಳಿ. ಮೇಲೆಲ್ಲ ದೀಪದ ಮಸಿ, ಎಣ್ಣೆ ಜಿಡ್ಡು. ಕೆಳಗಿನ ಅಂಚಿನಲ್ಲಿ ಕುಂಕುಮ. ಗಾಜು ಚಿತ್ರಕ್ಕೆ ತಾಗಿಕೊಂಡೇ ಕೂತಿದೆ, ಒಂದೆರಡು ಕಡೆ ಬಣ್ಣ ಗಾಜಿಗೆ ಅಂಟಿದೆ. ಹಿಂದಿನ ಪ್ಲೈವುಡ್ಡಿಗೆ ಗೆದ್ದಲು.

ಮೈಸೂರು ಚಿತ್ರದಲ್ಲಿ ಆಭರಣ, ಕಿರೀಟ, ಮಂಟಪದ ಕಂಬ ಸ್ವಲ್ಪ ಉಬ್ಬಿರುತ್ತವಲ್ಲ, ಅದು ಗೆಸ್ಸೊ ಕೆಲಸ. ಬಿಳಿ ಸಫೇದ ಪುಡಿಗೆ ಮಕ್ಕಿ ಎಂಬ ಹಳದಿ ಅಂಟು ಸೇರಿಸಿ, ಸಣ್ಣ ಕುಂಚದಲ್ಲಿ ಎಳೆ ಎಳೆಯಾಗಿ ಬಿಡಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನ ಹಾಗೆ ದಪ್ಪ ಇಲ್ಲ, ತುಂಬಾ ತೆಳು. ಬಣ್ಣವೋ ಗೋಂದಿನಲ್ಲಿ ಕಲಸಿದ ನೀರು ಬಣ್ಣ. ಅಂದರೆ ಒದ್ದೆ ಹತ್ತಿ ತಾಗಿಸಿದರೆ ಮಸಿಯ ಜೊತೆ ಬಣ್ಣವೂ ಎದ್ದು ಬರುತ್ತದೆ. ತೈಲವರ್ಣದ ಚಿತ್ರ ತೊಳೆದು ಅನುಭವ ಇರುವವರೂ ಇಲ್ಲಿ ಕೈ ಕಟ್ಟಿ ನಿಲ್ಲಬೇಕು.

ಮೊದಲು ಮೆದು ಕುಂಚದಿಂದ ಸಡಿಲ ಧೂಳು ತೆಗೆಯುವುದು, ಅದೂ ಚಕ್ಕೆ ಗಟ್ಟಿ ಇರುವ ಕಡೆ ಮಾತ್ರ. ಆಮೇಲೆ ಭೂತಗನ್ನಡಿಯ ಕೆಳಗೆ ಎದ್ದ ಚಕ್ಕೆಗಳನ್ನು ಹುಡುಕುವುದು. ತೀರಾ ತೆಳುವಾಗಿ ಕರಗಿಸಿದ ರಾಳವನ್ನು ಸೊನ್ನೆ ನಂಬರಿನ ಕುಂಚದ ತುದಿಯಲ್ಲಿ ತೆಗೆದುಕೊಂಡು ಚಕ್ಕೆಯ ಅಂಚಿಗೆ ಮುಟ್ಟಿಸಬೇಕು. ತಾನಾಗಿಯೇ ಒಳಗೆ ಹೀರಿಕೊಳ್ಳುತ್ತದೆ. ಮೇಲೆ ಸಿಲಿಕೋನ್ ಲೇಪದ ಕಾಗದ ಇಟ್ಟು, ಬೆರಳಿನ ತುದಿಯಿಂದ ಒತ್ತಿ, ಪುಟ್ಟ ತೂಕ ಇಟ್ಟು ಬಿಡಬೇಕು. ಹೀಗೆ ಒಂದೊಂದೇ ಚಕ್ಕೆ. ಒಂದು ಕಿರೀಟಕ್ಕೆ ಇಡೀ ದಿನ ಹೋಗುತ್ತದೆ. ಆಮೇಲೆ ಪ್ರತಿ ಬಣ್ಣಕ್ಕೂ ಬೇರೆ ಬೇರೆ ಪರೀಕ್ಷೆ. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಒಂದು ಚುಕ್ಕಿಯಷ್ಟು ದ್ರಾವಕ ಮುಟ್ಟಿಸಿ, ಬ್ಲಾಟಿಂಗ್ ಕಾಗದ ಒತ್ತಿ, ಬಣ್ಣ ಇಳಿಯಿತಾ ನೋಡಬೇಕು. ಹಸಿರು ತಡೆದುಕೊಂಡಿತು ಅಂತ ಕೆಂಪೂ ತಡೆಯುತ್ತದೆ ಅಂದುಕೊಳ್ಳುವ ಹಾಗಿಲ್ಲ.

ಇದಾದ ಮೇಲೆ ಕಷ್ಟದ ಮಾತು ಬರುತ್ತದೆ. ಇಂಥದೇ ಒಂದು ಪಟ ತಂದಿದ್ದ ಅಜ್ಜಿಯೊಬ್ಬರು ಹೇಳಿದ್ದು ನನಗೆ ನೆನಪಿದೆ: "ನೋಡಮ್ಮಾ, ಸೀತಮ್ಮನ ಮುಖವೇ ಹೋಗಿದೆ. ಲಕ್ಷಣವಾಗಿ ಬರೆದುಕೊಟ್ಟುಬಿಡು."

"ಅಜ್ಜಿ, ನಾನು ಬರೆದರೆ ಅದು ನನ್ನ ಸೀತೆ ಆಗ್ತಾಳೆ. ನಿಮ್ಮ ಮಾವನವರು ತಂದ ಪಟದ ಸೀತೆ ಆಗಲ್ಲ."

"ಸರಿ ಕಣಮ್ಮಾ. ಆದರೆ ಮುಖ ಇಲ್ಲದ ದೇವರಿಗೆ ಹೇಗೆ ಕೈ ಮುಗಿಯಲಿ?"

ಅಜ್ಜಿ ಹೇಳಿದ್ದು ನಿಜ. ಭಿನ್ನವಾದದ್ದು ಪೂಜೆಗೆ ಬರುವುದಿಲ್ಲ ಅನ್ನುವುದು ನಮ್ಮ ಕಡೆಯ ನಂಬಿಕೆ. ಮ್ಯೂಸಿಯಂಗೆ ಹೋಗುವ ಪಟವಾದರೆ ಹೋದ ಜಾಗವನ್ನು ಸುತ್ತಲಿನ ಬಣ್ಣಕ್ಕೆ ಹೊಂದುವ ಮಂಕು ಬಣ್ಣದಲ್ಲಿ ಬಿಟ್ಟುಬಿಡಬಹುದು. ರೋಮಿನಲ್ಲಿ 1939ರಲ್ಲಿ ಶುರುವಾದ ಸಂರಕ್ಷಣಾ ಸಂಸ್ಥೆಯಲ್ಲಿ ಅದರ ಮೊದಲ ನಿರ್ದೇಶಕ ಚೆಸರೆ ಬ್ರಾಂದಿ ಮತ್ತು ಅವರ ಜೊತೆಯವರು ಇನ್ನೊಂದು ದಾರಿ ತೋರಿಸಿಕೊಟ್ಟರು. ಹೋದ ಜಾಗವನ್ನು ಸಣ್ಣ ಸಣ್ಣ ನೇರ ಗೆರೆಗಳಿಂದ ತುಂಬುವುದು. ದೂರದಿಂದ ಚಿತ್ರ ಒಂದಾಗಿ ಕಾಣುತ್ತದೆ, ಹತ್ತಿರ ಬಂದವರಿಗೆ ಇದು ಈಚಿನ ಕೆಲಸ ಅಂತ ಗೊತ್ತಾಗುತ್ತದೆ. ಪೂಜೆಯಲ್ಲಿರುವ ಪಟಕ್ಕೆ ಇವೆರಡನ್ನೂ ಹಾಗೇ ತಂದು ಹಾಕಲು ಆಗುವುದಿಲ್ಲ. ಮನೆಯವರ ಜೊತೆ ಕೂತು ಮಾತಾಡಬೇಕು. ಆ ಮನೆಯಲ್ಲಿ ಹಳೆಯ ಮದುವೆ ಫೋಟೋ ಒಂದರ ಹಿನ್ನೆಲೆಯಲ್ಲಿ ಅದೇ ಪಟ ಕಾಣುತ್ತಿತ್ತು, ಮುಖ ಹೋಗುವುದಕ್ಕೆ ಮುಂಚಿನದು. ಫೋಟೋದಲ್ಲಿ ಎಷ್ಟು ಕಾಣುತ್ತದೋ ಅಷ್ಟೇ ಬರೆದೆ, ಮುಂದೆ ತೆಗೆಯಲು ಬರುವ ಪದರದ ಮೇಲೆ ಬರೆದೆ, ಎಲ್ಲಿಂದ ಎಲ್ಲಿಗೆ ನನ್ನ ಕೈ ಬಿದ್ದಿದೆ ಅಂತ ರಿಪೋರ್ಟಿನಲ್ಲಿ ಗುರುತು ಹಾಕಿಕೊಟ್ಟೆ. ಇಂಥ ಸಂದರ್ಭಕ್ಕೆ ಪಠ್ಯದಲ್ಲಿ ಸಿದ್ಧ ಉತ್ತರ ಇಲ್ಲ. ನಮ್ಮ ದೇಶದಲ್ಲಿ ಈ ಕೆಲಸ ಮಾಡುವವರು ಜನರ ಜೊತೆ ಮಾತಾಡುವುದನ್ನೂ ಕಲಿಯಲೇಬೇಕು.

ಎಲ್ಲಿ ಓದುವುದು

ಪಿಯುಸಿಯಲ್ಲಿರುವವರು ಸೈನ್ಸ್ ತೆಗೆದುಕೊಂಡು ಜೊತೆಗೆ ಡ್ರಾಯಿಂಗ್ ಬಿಡದಿದ್ದರೆ ಒಳ್ಳೆಯದು. ಡಿಗ್ರಿಗೆ ಎರಡು ದಾರಿ. ಕೆಮಿಸ್ಟ್ರಿ ಇರುವ ಬಿಎಸ್ಸಿ ಮಾಡಿ ಕೈಗೆ ಚಿತ್ರಕಲೆ ಕಲಿಸುವುದು, ಇಲ್ಲವೇ ಮೈಸೂರಿನ ಕಾವಾ ಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಡೆ ಬಿವಿಎ (ದೃಶ್ಯಕಲೆಯ ಡಿಗ್ರಿ) ಮಾಡಿ ಕೆಮಿಸ್ಟ್ರಿ ಓದಿಕೊಳ್ಳುವುದು. ನನ್ನ ಅಭಿಪ್ರಾಯ ಕೇಳಿದರೆ ಮೊದಲನೆಯದೇ ಸುಲಭ. ಸ್ಕೆಚ್ ಬುಕ್ ಹಿಡಿದು ದಿನಾ ಕೂರಬಹುದು, ದ್ರಾವಕಗಳ ಸ್ವಭಾವ ಮನೆಯಲ್ಲಿ ಕೂತು ಕಲಿಯುವುದು ಕಷ್ಟ.

ಆಮೇಲೆ ಎಂಎ. ದೆಹಲಿಯಲ್ಲಿ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಅಂತ ಇದ್ದದ್ದು ಈಗ ನೋಯ್ಡಾದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಆಗಿದೆ. ಕನ್ಸರ್ವೇಷನ್ ವಿಷಯದಲ್ಲಿ ಎಂಎ ಅಂದರೆ ಮೊದಲು ನೆನಪಾಗುವ ಜಾಗ ಅದು. ಯಾವ ಡಿಗ್ರಿಯವರನ್ನು ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿ, ಯಾರೋ ಹೇಳಿದ್ದನ್ನು ನಂಬಬೇಡಿ. ಲಖನೌದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯ ಇದೆ, ಎನ್‌ಆರ್‌ಎಲ್‌ಸಿ ಅಂತ ಕರೆಯುತ್ತಾರೆ, 1976ರಲ್ಲಿ ಶುರುವಾದದ್ದು. ಅದು ತರಬೇತಿಗಳನ್ನೂ ನಡೆಸುತ್ತದೆ. ಅದರ ಪ್ರಾದೇಶಿಕ ಲ್ಯಾಬ್ ನಮ್ಮ ಮೈಸೂರಿನಲ್ಲೇ ಇದೆ. ಎಷ್ಟೋ ಮೈಸೂರಿನವರಿಗೇ ಇದು ಗೊತ್ತಿಲ್ಲ.

ಬೆಂಗಳೂರಿನಲ್ಲಿ, ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಳೆದದ್ದು ಚಿತ್ರಕಲಾ ಪರಿಷತ್ತಿನ ಜೊತೆ ಸೇರಿ. ಕ್ಯಾನ್ವಾಸು, ಕಾಗದ ಎಲ್ಲ ಒಂದೇ ಸೂರಿನಡಿ ನೋಡಲು ಸಿಗುತ್ತದೆ. ಮುಂಬೈಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಲ್ಯಾಬ್ ಬಹಳ ಒಳ್ಳೆಯದು. ಒಂದಷ್ಟು ಅನುಭವ ಆದ ಮೇಲೆ ರೋಮಿನಲ್ಲಿರುವ ಇಕ್ರಾಮ್ ಎಂಬ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಕೋರ್ಸುಗಳಿಗೆ ಅರ್ಜಿ ಹಾಕಬಹುದು. ಬ್ರಿಟನ್ನಿನಲ್ಲಿ ಕಲಿಯಲು ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಈ ಕ್ಷೇತ್ರದವರಿಗೆ ಸಹಾಯಧನ ಕೊಡುತ್ತದೆ. ಆದರೆ ಮೊದಲ ಸಲವೇ ವಿದೇಶ ಅಂತ ಸಾಲ ಮಾಡಬೇಡಿ. ತಾಳೆಗರಿ, ಮೈಸೂರು ಗೆಸ್ಸೊ, ಮಣ್ಣಿನ ಗಾರೆಯ ಭಿತ್ತಿಚಿತ್ರ, ಇವನ್ನು ಕಲಿಸುವವರು ಇಲ್ಲೇ ಇದ್ದಾರೆ.

ಕೈ ಪಳಗಿಸುವುದು

ಮನೆಯ ಹಳೆಯ ವಸ್ತುಗಳ ಮೇಲೆ ಪ್ರಯೋಗ ಬೇಡವೇ ಬೇಡ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ನಿಮ್ಮೂರಿನ ಗುಜರಿಯಲ್ಲೋ ಹರಿದ ಪುಸ್ತಕ, ಹಳೆಯ ಕ್ಯಾಲೆಂಡರ್ ಕೊಂಡುಕೊಳ್ಳಿ. ಗೋಧಿ ಪಿಷ್ಟದ ಅಂಟು ಮಾಡಲು ಕಲಿಯಿರಿ. ಮೈದಾ ಅಲ್ಲ, ಪ್ರೋಟೀನು ಬೇರೆ ಮಾಡಿದ ಶುದ್ಧ ಪಿಷ್ಟ. ನೀರಿನಲ್ಲಿ ನೆನೆಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸಿ, ಪಾರದರ್ಶಕವಾಗುವ ತನಕ ಬೇಯಿಸಿ, ಆರಿಸಿ, ಜರಡಿಯಲ್ಲಿ ಮತ್ತೆ ಮತ್ತೆ ಸೋಸಿದರೆ ನುಣ್ಣಗಾಗುತ್ತದೆ. ಅದರಿಂದ ಜಪಾನಿ ಟಿಶ್ಯೂ ಎಂಬ ತೆಳುವಾದರೂ ಗಟ್ಟಿ ನಾರಿನ ಕಾಗದದ ಪಟ್ಟಿಯನ್ನು ಹರಿದ ಜಾಗದ ಹಿಂದೆ ಅಂಟಿಸಿ. ಪಟ್ಟಿಯನ್ನು ಕತ್ತರಿಸಬೇಡಿ, ನೀರಿನ ಗೆರೆ ಎಳೆದು ಹರಿಯಿರಿ. ಆಗ ಅಂಚಿನಲ್ಲಿ ನಾರು ಉಳಿದು ಮೂಲ ಕಾಗದದಲ್ಲಿ ಸೇರಿಹೋಗುತ್ತದೆ. ಒಣಗಿದ ಮೇಲೆ ಬೆರಳಾಡಿಸಿದರೆ ಏಣು ಸಿಗಬಾರದು. ಮತ್ತೆ ಒದ್ದೆ ಮಾಡಿದರೆ ಬಿಟ್ಟುಬರಬೇಕು.

ಬಣ್ಣ ಹೊಂದಿಸುವ ಅಭ್ಯಾಸಕ್ಕೆ ಜಲವರ್ಣ ಸಾಕು. ಹಳೆಯ ಕಾಗದದ ಕಂದು ಒಂದು ಬಣ್ಣ ಅಲ್ಲ, ಅದರಲ್ಲಿ ಹಳದಿ, ಬೂದು, ಒಂಚೂರು ಹಸಿರು ಎಲ್ಲ ಇರುತ್ತದೆ. ಹಗಲಿನ ಬೆಳಕಿನಲ್ಲಿ ಹೊಂದಿದ್ದು ಟ್ಯೂಬ್‌ಲೈಟಿನಲ್ಲಿ ಬೇರೆಯಾಗಿ ಕಾಣಬಹುದು, ಎರಡರಲ್ಲೂ ನೋಡಿ.

ರಜೆಯಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಅರಮನೆ. ಪಡುವಣ ಗೋಡೆಯ ಮೇಲೆ ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇದೆ. ಮುಂದೆ ಬ್ರಿಟಿಷರ ಆಳ್ವಿಕೆಯಲ್ಲಿ ವೆಲ್ಲೆಸ್ಲಿ ಕಾಲದಲ್ಲೊಮ್ಮೆ, ಡಾಲ್‌ಹೌಸಿ ಕಾಲದಲ್ಲೊಮ್ಮೆ ಮತ್ತೆ ಬಣ್ಣ ಕಂಡ ಗೋಡೆ ಅದು. ಕುದುರೆಗಳನ್ನು ಎಣಿಸಿ ಬಂದುಬಿಡಬೇಡಿ. ಗೆರೆ ಎಲ್ಲಿ ಚುರುಕಾಗಿದೆ, ಎಲ್ಲಿ ಮೊಂಡಾಗಿದೆ, ಎಲ್ಲಿ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾದ ಹಾಗೆ ಕಾಣುತ್ತದೆ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಶಾಸನ ಇದೆ. ಅಲ್ಲಿ ಭಿತ್ತಿಚಿತ್ರದ ಕೆಲವು ತುಣುಕುಗಳಷ್ಟೇ ಉಳಿದಿವೆ, ಅವುಗಳ ಎದುರು ನಿಂತು ಎಲ್ಲಿ ಗಾರೆ ನಿಂತಿದೆ, ಎಲ್ಲಿ ಬಂಡೆ ಕಾಣುತ್ತಿದೆ ಅಂತ ನೋಡಿ.

ದುಡ್ಡು, ಆರೋಗ್ಯ

ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಮೊದಲ ಕೆಲವು ವರ್ಷ ಕೈ ಬಿಗಿಯಾಗಿಯೇ ಇರುತ್ತದೆ. ಎಷ್ಟೋ ಕೆಲಸ ಪ್ರಾಜೆಕ್ಟ್ ಲೆಕ್ಕದಲ್ಲಿ ಸಿಗುತ್ತದೆ. ಒಂದು ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಸಂಬಳ ಇರುವುದಿಲ್ಲ. ಸರ್ಕಾರಿ ಹುದ್ದೆ ಬೇಕಿದ್ದವರು ಪುರಾತತ್ವ ಸರ್ವೇಕ್ಷಣದ ವಿಜ್ಞಾನ ಶಾಖೆಯ ಪ್ರಕಟಣೆಗಳ ಮೇಲೆ ಕಣ್ಣಿಡಿ, ಅದರ ಕೇಂದ್ರ ಕಚೇರಿ ಡೆಹ್ರಾಡೂನಿನಲ್ಲಿದೆ. ರಾಜ್ಯದ ಪುರಾತತ್ವ ಇಲಾಖೆಯದ್ದು ಮೈಸೂರಿನಲ್ಲಿ. ಖಾಸಗಿಯಲ್ಲಿ ಗ್ಯಾಲರಿಗಳು, ಚಿತ್ರ ಸಂಗ್ರಹಿಸುವವರು, ಮಠಗಳು, ಹಳೆಯ ಲೈಬ್ರರಿಗಳು ಇವೆ. ಬೆಂಗಳೂರಿನಲ್ಲಿ 2023ರಲ್ಲಿ ಮ್ಯಾಪ್ ಎಂಬ ಕಲೆ ಮತ್ತು ಫೋಟೋಗ್ರಫಿ ಮ್ಯೂಸಿಯಂ ತೆರೆದ ಮೇಲೆ ಈ ವೃತ್ತಿಯ ಬಗ್ಗೆ ಮಾತಾಡುವವರು ಜಾಸ್ತಿಯಾಗಿದ್ದಾರೆ. ಸ್ವಂತವಾಗಿ ಮಾಡುವವರು ಚಿತ್ರ ನೋಡದೆ ಫೋನಿನಲ್ಲಿ ರೇಟು ಹೇಳಬೇಡಿ. ಕಂಡೀಷನ್ ರಿಪೋರ್ಟಿಗೆ ಬೇರೆ ಚಾರ್ಜು ಮಾಡಿ. ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಅಂತ ಬರೆದು ಸಹಿ ತೆಗೆದುಕೊಂಡ ಮೇಲೆಯೇ ಕೆಲಸ ಮುಟ್ಟಿ.

ದ್ರಾವಕಗಳ ಹೊಗೆ ಕಣ್ಣಿಗೆ ಕಾಣುವುದಿಲ್ಲ, ಆದರೆ ವರ್ಷಗಟ್ಟಲೆ ಉಸಿರಾಡಿದರೆ ದೇಹ ಲೆಕ್ಕ ಇಟ್ಟಿರುತ್ತದೆ. ಗಾಳಿ ಹೊರಗೆಳೆಯುವ ವ್ಯವಸ್ಥೆ, ಆ ದ್ರಾವಕಕ್ಕೆ ತಕ್ಕ ಗ್ಲೌಸು, ಸರಿಯಾದ ಮಾಸ್ಕು ಇಲ್ಲದ ಕಡೆ ಟೊಲ್ವೀನ್‌ನಂಥ ದ್ರಾವಕದ ಮುಚ್ಚಳ ತೆಗೆಯಲೇಬೇಡಿ. ಹಳೆಯ ಬಿಳಿ ಬಣ್ಣದಲ್ಲಿ ಸೀಸ ಇರಬಹುದು, ಕೆರೆಯುವ ಮೊದಲು ಯೋಚಿಸಿ. ಬೂಷ್ಟು ಹಿಡಿದ ಕಾಗದವನ್ನು ಮೂಗಿನ ಹತ್ತಿರ ತರಬೇಡಿ. ಕುರ್ಚಿ ಮತ್ತು ಕನ್ನಡಕಕ್ಕೆ ಮಾಡುವ ಖರ್ಚಿನಲ್ಲಿ ಜಿಪುಣತನ ಬೇಡ.

ಇಂಟರ್ನ್‌ಶಿಪ್ಪಿಗೆ ಬರೆಯುವಾಗ ನಿಮ್ಮ ಒಳ್ಳೊಳ್ಳೆ ಪೇಂಟಿಂಗ್‌ಗಳ ಫೋಟೋ ಕಳಿಸುತ್ತೀರಿ, ಕಳಿಸಿ. ಅದರ ಜೊತೆ ನೀವೇ ಬರೆದ ಎರಡು ಕಂಡೀಷನ್ ರಿಪೋರ್ಟ್, ಅಡ್ಡ ಬೆಳಕಿನಲ್ಲಿ ತೆಗೆದ ಫೋಟೋ, ಒಂದು ಹರಿದ ಕಾಗದ ಸರಿಮಾಡುವ ಮುಂಚಿನದು ಮತ್ತು ಆಮೇಲಿನದು, ಇಷ್ಟು ಸೇರಿಸಿ. ನಾನಂತೂ ಮೊದಲು ತೆಗೆದು ಓದುವುದು ಆ ರಿಪೋರ್ಟನ್ನೇ. ಮೇ ತಿಂಗಳಲ್ಲೇ ಬರೆದುಬಿಡಿ. ಮಳೆ ಹಿಡಿದರೆ ಬೂಷ್ಟು ಬಂದ ಪಟಗಳು, ನೆನೆದ ಪುಸ್ತಕಗಳು ಒಂದರ ಹಿಂದೆ ಒಂದು ಬರುತ್ತವೆ, ಆಗ ಎಲ್ಲ ಲ್ಯಾಬಿನಲ್ಲೂ ಜನ ಸಾಲದಾಗುತ್ತಾರೆ.